ಅಂಗೈಯಾಗ ಹಿಡಿಸೋ ಗಡಿಯಾರ

ನಾಲ್ಕ ಇಂಚಿನ ಒಂದ ಗಡಿಯಾರದ ಹಿಂದ ನಾಲ್ಕ ನೂರ ವರ್ಷದ ಕಥಿ ಇರ್ತದ ಅಂತ ಯಾರರೆ ಹೇಳಿದ್ರ ಮೊದಲ ನಾನೂ ನಕ್ಕಬಿಡತಿದ್ದೆ. ಗಡಿಯಾರ ಅಂದ್ರ ಟೈಮ್ ತೋರಸಬೇಕು, ನಿಂತ್ರ ಸೆಲ್ ಹಾಕಬೇಕು, ಅದಕ್ಕೂ ನಡೀಲಿಲ್ಲಂದ್ರ ಒಗೀಬೇಕು. ನನಗ ಗೊತ್ತಿದ್ದದ್ದು ಇಷ್ಟ. ಈ ತಿಳುವಳಿಕಿಯೊಳಗ ನಾ ಒಂದ ದೊಡ್ಡ ತಪ್ಪೂ ಮಾಡೇನಿ, ಅದನ್ನ ಕಡೀಕ ಹೇಳ್ತೀನಿ.

ಮಗಳ ಬಾಣಂತನಕ್ಕಂತ ನಾ ಇಂಗ್ಲೆಂಡಿನ ರೆಡಿಂಗ್ ಅನ್ನೋ ಊರಿಗೆ ಹೋಗಿದ್ದೆ. ಲಂಡನ್ನಿನಿಂದ ರೈಲಿನ್ಯಾಗ ಹೆಚ್ಚು ಕಡಿಮಿ ಅರ್ಧಾ ತಾಸಿನ ಹಾದಿ. ಬಾಜೂ ಮನ್ಯಾಗ ಒಬ್ಬಾಕಿ ಅಜ್ಜಿ ಇದ್ರು, ಎಂಬತ್ತನಾಕು ವರ್ಷ, ಒಬ್ಬರ ಇರ್ತಿದ್ರು. ಕೂಸು ಹುಟ್ಟಿದ್ದ ವಾರಕ್ಕ ತಾವ ಹೆಣದ ಕಾಲಚೀಲ ಮತ್ತ ಒಂದ ಡಬ್ಬಿ ಬಿಸ್ಕೀಟು ತಂದ ಕೊಟ್ರು. ಖಾಲಿ ಡಬ್ಬಿ ತಿರಗಿ ಕೊಡೋದು ನಮ್ಮ ಕಡೆ ರೂಢಿ ಇಲ್ಲಲ್ರೀ, ನಾ ಅದರಾಗ ಬೇಸನ್ ಉಂಡಿ ತುಂಬಿಕೊಂಡ ಅವರ ಮನಿಗೆ ಹೋದೆ. ನನ್ನ ಇಂಗ್ಲಿಷು ಪಿಯುಸಿ ಮಟ್ಟದ್ದು, ಅವರದು ಹಲ್ಲಿನ ಸೆಟ್ಟಿನೊಳಗಿಂದ ಬರೋದು. ಆದ್ರೂ ಇಬ್ಬರಿಗೂ ತಿಳೀತಿತ್ತು.

ಅವರ ಮನಿ ಬೆಂಕಿಗೂಡಿನ ಮ್ಯಾಲಿನ ಕಟ್ಟಿಮ್ಯಾಲೆ ಆ ಗಡಿಯಾರ ಕೂತಿತ್ತು. ನಾಲ್ಕ ಮೂಲಿಗೆ ನಾಲ್ಕ ಸಣ್ಣ ಕಂಬ, ಮ್ಯಾಲೆ ಎತ್ತಿ ಹಿಡೀಲಿಕ್ಕೆ ಒಂದ ಹಿಡಿಕಿ, ನೆತ್ತಿಮ್ಯಾಲೆ ಒಂದ ಪುಟ್ಟ ಗಾಜಿನ ಕಿಡಕಿ. ಬಗ್ಗಿ ನೋಡಿದ್ರ ಆ ಕಿಡಕಿಯೊಳಗ ಒಂದ ಸಣ್ಣ ಗಾಲಿ ಆ ಕಡೆ ಈ ಕಡೆ ತಿರುಗತಿರೋದು ಕಾಣಸ್ತಿತ್ತು, ಗುಬ್ಬಿ ಮರಿ ಎದಿ ಬಡಕೊಂಡಂಗ. ಎರಡೂ ಬದಿಗೆ ಗಾಜಿನ ಬದಲಿ ನೀಲಿ ಬಣ್ಣದ ಎರಡ ಚಿತ್ರದ ಫಲಕ. ಒಂದರಾಗ ಹೂವಿನ ಬುಟ್ಟಿ ಹಿಡದ ಹುಡುಗಿ, ಇನ್ನೊಂದರಾಗ ಗಿಡದ ಬುಡಕ್ಕ ಕೂತು ಕೊಳಲು ಊದೋ ಹುಡುಗ. ನೀಲಿ ಬಣ್ಣ, ಕೊಳಲು ನೋಡಿ ನಾ ಒಂದ ಕ್ಷಣ ನಮ್ಮ ಕೃಷ್ಣನ ಅಂತ ತಿಳಕೊಂಡೆ. ತಲಿಮ್ಯಾಲೆ ಹ್ಯಾಟ್ ಕಂಡಮ್ಯಾಲೆ ಅಲ್ಲಾ ಅಂತ ಗೊತ್ತಾತು.

ಕಂಬಗಳು ಒಂಚೂರು ಮಂಕಾಗಿದ್ವು. ನನ್ನ ಕೈ ಸುಮ್ಮ ಇರಬೇಕಲ್ಲಾ? "ನನ್ನ ಹತ್ರ ಹುಣಸಿಹಣ್ಣು ಅದ, ಒಂದ ಚೂರು ಉಪ್ಪು ಹಾಕಿ ತಿಕ್ಕಿದ್ರ ಫಳಫಳ ಅಂತದ" ಅಂದೆ. ಹುಣಸಿಹಣ್ಣು ಅಂದ್ರ ಏನಂತ ಅಜ್ಜಿಗೆ ತಿಳೀಲಿಲ್ಲ, ತಿಕ್ಕೋ ಸನ್ನಿ ಮಾತ್ರ ತಿಳೀತು. ಎರಡೂ ಕೈಲೆ ಗಡಿಯಾರ ಮುಚ್ಚಿಕೊಂಡ್ರು. ಆಮ್ಯಾಲೆ ನಕ್ಕೋತ ಹೇಳಿದ್ರು: ಇದು ಬರೇ ಹಿತ್ತಾಳಿ ಅಲ್ಲ, ಮ್ಯಾಲೆ ಬಂಗಾರದ ನೀರು ಕೊಟ್ಟದ. ಕೂದಲಕ್ಕಿಂತ ತೆಳ್ಳಗಿನ ಪದರ. ಒಮ್ಮೆ ತಿಕ್ಕಿದ್ರ ಹೋತು, ಮತ್ತ ಬರೂದಿಲ್ಲ.

ನನಗ ನಾಚಿಕಿ ಆತು. ಗೊತ್ತಿಲ್ಲದ ಕೈ ಹಚ್ಚಲಿಕ್ಕೆ ಹೊಂಟಿದ್ದೆನಲ್ಲಾ ಅಂತ. ಅವತ್ತ ರಾತ್ರಿ ಕೂಸು ಮಲಗಿದಮ್ಯಾಲೆ ಮಗಳಿಗೆ ಕೇಳಿದೆ, ಅಕಿ ಲೈಬ್ರರಿಯಿಂದ ಪುಸ್ತಕ ತಂದಕೊಟ್ಲು. ಅಳಿಯ ಒಂದ ಶನಿವಾರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕರಕೊಂಡ ಹೋದ್ರು. ಅಲ್ಲೆ ಗಡಿಯಾರಕ್ಕಂತನ ಬ್ಯಾರೆ ಖೋಲಿ ಅವ, ಒಳಗ ಹೋಗಲಿಕ್ಕೆ ರೊಕ್ಕಾ ಕೊಡೋದಿಲ್ಲ. ಹಿಂಗ ಆರ ತಿಂಗಳದಾಗ ತಿಳಕೊಂಡದ್ದನ್ನ ಒಂದ ವಹಿಯೊಳಗ ಬರಕೊಂಡೆ. ಅದನ್ನ ಇಲ್ಲೆ ಹೇಳ್ತೀನಿ.

ಈ ಥರದ ಗಡಿಯಾರಕ್ಕ ಇಂಗ್ಲಿಷಿನ್ಯಾಗ ಕ್ಯಾರಿಯೇಜ್ ಕ್ಲಾಕ್ ಅಂತಾರ. ಕ್ಯಾರಿಯೇಜ್ ಅಂದ್ರ ಕುದುರಿ ಸಾರೋಟು. ಫ್ರೆಂಚರು 'ಪಾಂದ್ಯೂಲ್ ದ ವಾಯಾಜ್' ಅಂತಾರ, ಪ್ರವಾಸದ ಗಡಿಯಾರ ಅಂತ ಅರ್ಥ. ಈ ಹೆಸರು ಯಾಕ ಬಂತು ಅಂತ ತಿಳೀಬೇಕಂದ್ರ ಲೋಲಕದಿಂದ ಸುರು ಮಾಡಬೇಕು.

ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಅನ್ನೋ ವಿಜ್ಞಾನಿ 1656ರಾಗ ಲೋಲಕದ ಗಡಿಯಾರ ಮಾಡಿದ. ಅದಕ್ಕಿಂತ ಮೊದಲಿನ ಗಡಿಯಾರ ದಿನಕ್ಕ ಕಾಲ ತಾಸು ಹಿಂದ ಮುಂದ ಆಗತಿದ್ವು, ಲೋಲಕ ಬಂದಮ್ಯಾಲೆ ಆ ತಪ್ಪು ಸೆಕೆಂಡಿನ ಲೆಕ್ಕಕ್ಕ ಇಳೀತು. ಆದ್ರ ಲೋಲಕಕ್ಕ ಒಂದ ಹಟ ಅದ, ಅದಕ್ಕ ನೆಟ್ಟಗ, ಅಲಗಾಡದಂಗ ನಿಂದರಲಿಕ್ಕೆ ಜಾಗಾ ಬೇಕು. ನಮ್ಮ ಹಳೇ ಮನಿ ಗೋಡಿ ಗಡಿಯಾರ ಒಂಚೂರು ವಾರಿ ಆದ್ರ ಸಾಕು, ನಿಂತಬಿಡತಿತ್ತು, ನೆನಪದ ಇಲ್ಲೋ? ಅಂಥಾದ್ದನ್ನ ಕುದುರಿ ಗಾಡಿಯೊಳಗ ಇಟ್ಟಕೊಂಡ್ರ ಏನಾಗ್ತದ ಅಂತ ನೀವ ಹೇಳ್ರಿ.

ಅದಕ್ಕೂ ಹೈಗೆನ್ಸನ ಒಂದ ಹಾದಿ ತೋರಿಸಿದ. 1675ರಾಗ ಅವ ಸುರುಳಿ ಸುತ್ತಿದ ಕೂದಲಿನಂಥಾ ಸ್ಪ್ರಿಂಗು ಹಚ್ಚಿದ ಗಾಲಿ ತಂದ. ಲೋಲಕ ತೂಗಾಡೋ ಬದಲಿ ಈ ಗಾಲಿ ಆ ಕಡೆ ಈ ಕಡೆ ಅರ್ಧಂಬರ್ಧ ತಿರುಗತದ, ಸುರುಳಿ ಅದನ್ನ ಎಳದ ಎಳದ ತಿರಗಿ ತರತದ. ಇದಕ್ಕ ಅಡ್ಡ ಇಟ್ರೂ ನಡೀತದ, ಓರೆ ಇಟ್ರೂ ನಡೀತದ. ಕಿಸೆದ ಗಡಿಯಾರ ಮೊದಲೂ ಇದ್ವು, ಆದ್ರ ಅವು ನಂಬೋ ಹಂಗ ಟೈಮ್ ತೋರಸಲಿಕ್ಕೆ ಹತ್ತಿದ್ದು ಈ ಸುರುಳಿಯಿಂದನ. ಅಜ್ಜಿ ಗಡಿಯಾರದ ನೆತ್ತಿಮ್ಯಾಲಿನ ಕಿಡಕಿಯೊಳಗ ನಾ ಗುಬ್ಬಿ ಎದಿ ಅಂದದ್ದು ಇದ ಗಾಲಿ. ಬಹಳಷ್ಟು ಕ್ಯಾರಿಯೇಜ್ ಗಡಿಯಾರದೊಳಗ ಅದು ಸೆಕೆಂಡಿಗೆ ಐದು, ಅಂದ್ರ ತಾಸಿಗೆ 18,000 ಸಲ ಬಡೀತದ.

ಇನ್ನ ಪ್ರವಾಸದ ಗಡಿಯಾರಕ್ಕ ಒಂದ ರೂಪ ಕೊಟ್ಟಾಂವ ಅಬ್ರಹಾಂ ಲೂಯಿ ಬ್ರೆಗೆ. ಇಂವ ಹುಟ್ಟಿದ್ದು 1747ರಾಗ, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ಲಿನೊಳಗ. ಸಣ್ಣ ವಯಸ್ಸಿನ್ಯಾಗ ಪ್ಯಾರಿಸ್ಸಿಗೆ ಬಂದು 1775ರಾಗ ತನ್ನ ಸ್ವಂತ ಕಾರಖಾನಿ ತಗದ. ರಾಜ, ರಾಣಿ, ಸರದಾರರು ಎಲ್ಲಾ ಇವನ ಗಿರಾಕಿಗಳು. ಫ್ರಾನ್ಸಿನ ಕ್ರಾಂತಿ ಆತು ನೋಡ್ರಿ, ಗಿರಾಕಿಗಳ ತಲಿನ ಉರುಳಲಿಕ್ಕೆ ಹತ್ತಿದ್ವು. 1793ರಾಗ ಬ್ರೆಗೆ ಊರು ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋದ, 1795ರಾಗ ತಿರಗಿ ಬಂದು ಮುಚ್ಚಿದ ಅಂಗಡಿ ಮತ್ತ ತಗದ. ಆಗ ಹಳೇ ಸರದಾರರು ಇರಲಿಲ್ಲ, ಹೊಸಾ ಸೇನಾಧಿಕಾರಿಗಳಿದ್ರು. ಅವರಿಗೆ ಬೇಕಾದದ್ದು ಗೋಡಿಗೆ ತೂಗಹಾಕೋ ಗಡಿಯಾರ ಅಲ್ಲ, ದಂಡಿನ ಜೋಡಿ ಡೇರೆಯಿಂದ ಡೇರೆಗೆ ಹೋಗೋವಂಥಾದ್ದು.

1798ರ ಏಪ್ರಿಲ್ ತಿಂಗಳದಾಗ ಒಬ್ಬ ಹರೇದ ಜನರಲ್ಲು ಬ್ರೆಗೆ ಅಂಗಡಿಯಿಂದ ಎರಡ ಕಿಸೆ ಗಡಿಯಾರ, ಒಂದ ಪ್ರವಾಸದ ಗಡಿಯಾರ ಖರೀದಿ ಮಾಡಿದ. ಮುಂದಿನ ತಿಂಗಳ ಈಜಿಪ್ತಿನ ಮ್ಯಾಲೆ ದಂಡೆತ್ತಿ ಹೋದ. ಅವನ ನೆಪೋಲಿಯನ್ ಬೋನಪಾರ್ಟ್, ಆಗ ಇನ್ನೂ ಚಕ್ರವರ್ತಿ ಆಗಿರಲಿಲ್ಲ. ಆ ಪ್ರವಾಸದ ಗಡಿಯಾರಕ್ಕ ಬ್ರೆಗೆ ಲೆಕ್ಕದ ಪುಸ್ತಕದಾಗ 178ನೇ ನಂಬರು. ತಾಸು, ನಿಮಿಷ ಅಷ್ಟ ಅಲ್ಲ, ತಾರೀಖೂ ತೋರಸ್ತಿತ್ತು. ಗುಂಡಿ ಒತ್ತಿದ್ರ ಎಷ್ಟ ಹೊತ್ತಾಗೇದ ಅಂತ ಗಂಟಿ ಬಾರಿಸಿ ಹೇಳತಿತ್ತು. ಕರೆಂಟು, ಕಡ್ಡಿಪೆಟ್ಟಿಗಿ ಇಲ್ಲದ ಕಾಲದಾಗ ಕತ್ತಲಿನ್ಯಾಗ ಟೈಮ್ ತಿಳಿಯೋದು ಸಣ್ಣ ಮಾತಲ್ಲ.

ಬ್ರೆಗೆ ಗಡಿಯಾರ ಒಂದೊಂದೂ ಬ್ಯಾರೆ ಬ್ಯಾರೆ, ಆಭರಣ ಮಾಡಿಸಿದಂಗ. ಅದನ್ನ ಉಳದ ಮಂದಿಯ ಕೈಗೂ ಎಟಕೋ ಹಂಗ ಮಾಡಿದಾಂವ ಪಾಲ್ ಗಾರ್ನಿಯೆ ಅನ್ನೋ ಪ್ಯಾರಿಸ್ಸಿನ ಗಡಿಯಾರದಾಂವ. 1830ರ ಸುಮಾರಿಗೆ ಅವ ಒಂದ ಅಳತಿ, ಒಂದ ನಮೂನಿ ಹಿಡಕೊಂಡು ಸಾಲಾಗಿ ಮಾಡಲಿಕ್ಕೆ ಸುರು ಮಾಡಿದ. ಚೌಕ ಪೆಟಗಿ, ಸುತ್ತ ಗಾಜು, ಮ್ಯಾಲೆ ಹಿಡಿಕಿ, ಇವತ್ತ ನಾವು ನೋಡೋ ರೂಪ ಗಟ್ಟಿ ಆದದ್ದು ಆವಾಗ.

ಇಲ್ಲೆ ನನಗ ಭಾಳ ಇಷ್ಟ ಆದ ಒಂದ ಊರಿನ ಸುದ್ದಿ ಬರತದ. ಫ್ರಾನ್ಸಿನ ಉತ್ತರಕ್ಕ ನಾರ್ಮಂಡಿಯೊಳಗ, ದಿಯೆಪ್ ಬಂದರದ ಹತ್ರ, ಸೇಂಟ್ ನಿಕೊಲಾ ದಾಲಿಯೆರ್ಮೋ ಅಂತ ಒಂದ ಸಣ್ಣ ಊರು. ಒಂದ ಉದ್ದ ಓಣಿ, ಎರಡೂ ಬಾಜೂ ಮನಿ. ಆ ಮನಿಗಳೊಳಗ ಕೂತು ಮಂದಿ ಗಡಿಯಾರದ ಗಾಲಿ, ಹಲ್ಲು, ತಗಡು ಮಾಡತಿದ್ರು. 19ನೇ ಶತಮಾನದ ಸುರುವಿನ್ಯಾಗ ಒನೊರೆ ಪೋನ್ಸ್ ಅನ್ನೋ ಗಡಿಯಾರದಾಂವ ಪ್ಯಾರಿಸ್ಸಿನಿಂದ ಅಲ್ಲಿಗೆ ಬಂದು ಹೊಸಾ ಯಂತ್ರ ಹಾಕಿ, ಕೆಡಲಿಕ್ಕೆ ಹತ್ತಿದ್ದ ಕಸಬನ್ನ ಎತ್ತಿ ನಿಂದರಿಸಿದ. ಒಬ್ಬರು ಗಾಲಿ, ಒಬ್ಬರು ಸ್ಪ್ರಿಂಗಿನ ಡಬ್ಬಿ, ಒಬ್ಬರು ಕಂಬ, ಹಿಂಗ ಕೆಲಸ ಹಂಚಿಕೊಂಡಿದ್ರು. ನಮ್ಮ ಇಳಕಲ್ ಸೀರಿಗೆ ನೂಲಿಗೆ ಬಣ್ಣ ಹಾಕಾವರು ಒಬ್ಬರು, ಹಾಸು ಹೂಡಾವರು ಒಬ್ಬರು, ನೇಯಾವರು ಒಬ್ಬರು ಇರ್ತಾರಲ್ಲ, ಹಂಗ. ಈ ಊರಿನಿಂದ ಅರೆಬರೆ ಕೂಡಿಸಿದ ಯಂತ್ರ ಪ್ಯಾರಿಸ್ಸಿಗೆ ಹೋಗಿ, ಅಲ್ಲೆ ಪೂರಾ ಆಗಿ, ಅಲ್ಲಿಂದ ಲಂಡನ್ನಿಗೆ ಬಂದು, ಅಂಗಡಿಯಾಂವ ತನ್ನ ಹೆಸರು ಮುಖದ ಮ್ಯಾಲೆ ಬರಸಿಕೊಂಡು ಮಾರತಿದ್ದ. ಅಜ್ಜಿ ಗಡಿಯಾರದ ಮ್ಯಾಲೂ ಲಂಡನ್ನಿನ ಒಂದ ಅಂಗಡಿ ಹೆಸರಿತ್ತು. "ಇದು ಇಂಗ್ಲೆಂಡಿನದ" ಅಂತನ ಅವರು ಎಂಬತ್ತ ವರ್ಷ ತಿಳಕೊಂಡಿದ್ರು! ಇಂಗ್ಲಿಷರೂ ತಮ್ಮ ಕ್ಯಾರಿಯೇಜ್ ಗಡಿಯಾರ ಮಾಡತಿದ್ರು ಖರೆ, ಆದ್ರ ಅವು ದೊಡ್ಡವು, ಭಾರ, ತುಟ್ಟಿ.

ಈ ಸೇಂಟ್ ನಿಕೊಲಾ ಊರಿನ ಒಂದ ಕಂಪನಿ ಮುಂದ ಬಯಾರ್ ಅನ್ನೋ ಹೆಸರಿನ್ಯಾಗ ಅಲಾರಂ ಗಡಿಯಾರ ಮಾಡತಿತ್ತು, ಹುಡುಗರಿಗಂತ ಮಿಕ್ಕಿ ಮೌಸ್ ಚಿತ್ರದವೂ ಇದ್ವು. 1980ರ ದಶಕದ ಕೊನೀಕ ಅದೂ ಮುಚ್ಚಿತು. ಈಗ ಆ ಊರಾಗ ಗಡಿಯಾರದ ಮ್ಯೂಸಿಯಂ ಒಂದ ಉಳದದ.

ಇನ್ನ ಹೆಸರಿಗೆ ತಕ್ಕ ಈ ಗಡಿಯಾರ ಎಷ್ಟ ಪ್ರವಾಸ ಮಾಡತು? ಇದ ಭಾಳ ಮಜಾದ ಮಾತು. ಕ್ಯಾರಿಯೇಜ್ ಗಡಿಯಾರ ಅತೀ ಹೆಚ್ಚ ತಯಾರಾದದ್ದು 1850ರಿಂದ 1914ರ ತನಕ. ಅಷ್ಟೊತ್ತಿಗೆ ಕುದುರಿ ಸಾರೋಟಿನ ದೂರದ ಪ್ರವಾಸ ಮುಗದು ರೈಲು ಬಂದಬಿಟ್ಟಿತ್ತು.

ರೈಲು ಬರೋಕಿಂತ ಮೊದಲ ಒಂದೊಂದ ಊರಿಗೆ ಒಂದೊಂದ ಟೈಮ್ ಇತ್ತು. ಸೂರ್ಯ ನೆತ್ತಿಮ್ಯಾಲೆ ಬಂದಾಗ ಆ ಊರಿಗೆ ಹನ್ನೆರಡು. ನನ್ನ ಮಗಳ ಊರು ರೆಡಿಂಗಿನ ಟೈಮ್ ಲಂಡನ್ನಿನಕಿಂತ ನಾಲ್ಕ ನಿಮಿಷ ಹಿಂದ ಇತ್ತಂತ. ಸಾರೋಟಿನ್ಯಾಗ ದಿನಾ ಹಿಡಿಯೋ ಪ್ರವಾಸಕ್ಕ ನಾಲ್ಕ ನಿಮಿಷ ಯಾರ ಕೇಳ್ತಾರ? ರೈಲಿಗೆ ಹಂಗ ನಡಿಯೂದಿಲ್ಲ. ಒಂದ ಹಳಿ, ಎರಡ ಗಾಡಿ, ಟೈಮ್ ತಪ್ಪಿದ್ರ ಜೀವಾನ ಹೋಗ್ತಾವ. ಅದಕ್ಕ ರೆಡಿಂಗಿನ ಮ್ಯಾಲೆ ಹಾದ ಹೋಗೋ ಗ್ರೇಟ್ ವೆಸ್ಟರ್ನ್ ರೈಲ್ವೆಯವರು 1840ರಾಗ ಎಲ್ಲಾ ಸ್ಟೇಶನ್ನಿಗೂ ಲಂಡನ್ ಟೈಮ್ ಹಾಕಿದ್ರು, ಹತ್ತ ವರ್ಷದೊಳಗ ಉಳದ ಬಹುತೇಕ ಕಂಪನಿಗಳೂ ಅದನ್ನ ಹಿಡದ್ವು. ಕಾಯದೆ ಆದದ್ದು ಮಾತ್ರ 1880ರಾಗ. ನಮ್ಮ ದೇಶಕ್ಕ ಒಂದ ಟೈಮ್ ಬಂದದ್ದು 1906ರ ಜನವರಿ 1ಕ್ಕ. ನಮ್ಮ ಧಾರವಾಡ ಆಗ ಇದ್ದದ್ದು ಮುಂಬಯಿ ಇಲಾಖಾದಾಗ. ಮುಂಬಯಿ ಶಹರದವರು ಮಾತ್ರ ಅದಾದಮ್ಯಾಲೂ ಭಾಳ ವರ್ಷ ತಮ್ಮ ಮುಂಬಯಿ ಟೈಮ್ ಬಿಡಲಿಲ್ಲ.

ರೈಲಿನ್ಯಾಗ ಹೋಗಾವರ ಕಿಸೆದಾಗ ಗಡಿಯಾರ ಇರ್ತಿತ್ತು. ಹಂಗಾಗಿ ಪ್ರವಾಸದ ಗಡಿಯಾರ ಮನ್ಯಾಗ ಕೂತಬಿಟ್ಟಿತು. ಚರ್ಮ ಸುತ್ತಿದ, ಒಳಗ ಮಖಮಲ್ ಹಚ್ಚಿದ ಒಂದ ಪೆಟಗಿ, ಅದರ ಮುಂದಿನ ಹಲಗಿ ಸರಿಸಿದ್ರ ಗಡಿಯಾರದ ಮುಖ ಕಾಣಬೇಕು, ಚಾವಿ ಇಡಲಿಕ್ಕೆ ಒಂದ ಗೂಡು, ಎಲ್ಲಾ ತಯಾರಿ ಇತ್ತು. ಹೋಗೋದೊಂದು ಇರಲಿಲ್ಲ. ಮದುವಿಗೆ ಉಡುಗೊರಿ, ನೌಕರಿ ನಿವೃತ್ತಿಗೆ ಉಡುಗೊರಿ, ಇದಕ್ಕ ಈ ಗಡಿಯಾರ ಹೆಸರಾತು.

ಉಡುಗೊರಿ ಅಂದಮ್ಯಾಲೆ ಅಂದಚೆಂದ ಬೇಕಲ್ಲ. ಪೆಟಗಿಗೆ ನಮೂನಿ ನಮೂನಿ ಬಂದ್ವು. ಸಾದಾ ಅಂಚಿಂದು ಕಾರ್ನಿಶ್, ನಡುವ ತಗ್ಗು ಕೊರದ ಚೆಂದದ್ದು ಗೋರ್ಜ್, ಬಿದರಿನ ಗಣ್ಣಿನಂಗ ಕಂಬ ಇದ್ದದ್ದು ಬ್ಯಾಂಬೂ, ಸೋವಿಯೊಳಗಿನದು ಓಬಿ. ಮಾಮೂಲಿ ಗಡಿಯಾರ ಒಂದ ಗೇಣಿಗೆ ಒಂಚೂರು ಕಡಿಮಿ ಎತ್ತರ. ಅದಕ್ಕಿಂತ ಸಣ್ಣದು, ಮೂರ ನಾಲ್ಕ ಇಂಚಿನದು, ಅದಕ್ಕ ಫ್ರೆಂಚರು ಪ್ರೀತಿಲೆ 'ಮಿನ್ಯೊನೆಟ್' ಅಂದ್ರು. ಮುದ್ದು ಪುಟಾಣಿ ಅಂದಂಗ. ಒಳಗ ಜಾಗಾ ಇರೂದಿಲ್ಲಂತ ಬಹಳಷ್ಟು ಮಿನ್ಯೊನೆಟ್ ಗಂಟಿ ಬಾರಿಸೂದಿಲ್ಲ, ಟೈಮ್ ಅಷ್ಟ ತೋರಸ್ತಾವ. ಆದ್ರ ದೊಡ್ಡದರಂಗ ಒಮ್ಮೆ ಚಾವಿ ಕೊಟ್ರ ಎಂಟ ದಿನ ನಡೀತಾವ. ಓದೋ ಮೇಜಿನ ಮ್ಯಾಲೆ, ಹಾಸಿಗಿ ಬಾಜೂಕ, ಹೆಂಗಸರು ಕನ್ನಡಿ ಮುಂದ ಇಟ್ಟಕೊಳ್ಳೋ ಸಾಮಾನಿನ ನಡುವ ಇವು ಕೂಡತಿದ್ವು. ಗಾಜಿನ ಬದಲಿ ಚಿತ್ರದ ಫಲಕ ಹಚ್ಚಿದ ಮಿನ್ಯೊನೆಟ್ ಅಂದ್ರ ಆಭರಣ ಇದ್ದಂಗನ.

ಈಗ ಆ ಚಿತ್ರದ ಮಾತು. ನಾ ಅದನ್ನ ಬಣ್ಣ ಹಚ್ಚಿದ್ದಂತ ತಿಳಕೊಂಡಿದ್ದೆ. ಅಲ್ಲ, ಅದು ಗಾಜು. ನಮ್ಮ ಸಣ್ಣಂದಿರತ್ಲೆ ಬಿಳೇ ಮೈ, ನೀಲಿ ಅಂಚಿನ ತಾಟು, ಮಗ್ಗು ಇರ್ತಿದ್ವಲ್ಲ, ಕೆಳಗ ಬಿದ್ರ ಚಕ್ಕಳಾ ಎದ್ದು ಒಳಗಿನ ಕರೇ ಕಬ್ಬಿಣ ಕಾಣತಿತ್ತಲ್ಲ, ಅದ ಎನಾಮಲ್ಲು. ಲೋಹದ ಮ್ಯಾಲೆ ಗಾಜು ಕರಗಿಸಿ ಹಿಡಿಸೋದು. ನಮ್ಮ ಪತ್ತಾರರು ಮೀನಾ ಕೆಲಸ ಅಂತಾರಲ್ಲ, ಜೈಪುರದ ಆಭರಣದಾಗ ಕೆಂಪು ಹಸರು ಹೊಳೀತದಲ್ಲ, ಅದೂ ಇದ ವಿದ್ಯಾ. ಆದ್ರ ಮೀನಾದಾಗ ಬಂಗಾರದೊಳಗ ತಗ್ಗು ಕೊರದು ಬಣ್ಣ ತುಂಬತಾರ, ಒಂದ ಬಣ್ಣ ಇನ್ನೊಂದರಾಗ ಹರಿಯೂದಿಲ್ಲ. ಈ ಗಡಿಯಾರದ ಫಲಕದಾಗ ತಗ್ಗಿಲ್ಲ, ಗೋಡಿ ಇಲ್ಲ, ಕಾಗದದ ಮ್ಯಾಲೆ ಬರದಂಗ ಕುಂಚಲೆ ಬರೀಬೇಕು. ಅದಕ್ಕ ಇದು ಕಠಿಣ.

ಮಾಡೋ ರೀತಿ ಹಿಂಗ. ಉಸುಕು, ಕ್ಷಾರ, ಸೀಸ ಕೂಡಿಸಿ ಕರಗಿಸಿ ಗಾಜು ಮಾಡೋದು. ಅದನ್ನ ಖಲಬತ್ತದಾಗ ನೀರು ಹಾಕಿ ನುಣ್ಣಗ ಅರಿಯೋದು. ತೆಳು ತಾಮ್ರದ ತಗಡನ್ನ ಒಂಚೂರು ಉಬ್ಬಿಸಿ ಅದರ ಮ್ಯಾಲೆ ಈ ಹಿಟ್ಟು ಹರವಿ, ಒಣಗಿಸಿ, ಸುಮಾರು 800 ಡಿಗ್ರಿ ಕಾದ ಭಟ್ಟಿಯೊಳಗ ಕೆಲವ ನಿಮಿಷ ಇಡೋದು. ಪುಡಿ ಕರಗಿ ಕನ್ನಡಿಯಂಥಾ ನೆಲಾ ಆಗ್ತದ. ಮುಂದಿನ ಬಾಜೂಕಷ್ಟ ಹಚ್ಚಿದ್ರ ಆರುವಾಗ ತಗಡು ಸೊಟ್ಟ ಆಗ್ತದಂತ ಹಿಂದಿನ ಬಾಜೂಕೂ ಒಂದ ಪದರ ಹಚ್ಚಬೇಕು. ಯಾರೂ ನೋಡದ ಬಾಜು, ಆದ್ರ ಅದಿಲ್ಲಂದ್ರ ಮುಂದಿನದು ಸೀಳತದ.

ಆಮ್ಯಾಲೆ ಚಿತ್ರ. ಬಣ್ಣ ಎಲ್ಲಾ ಲೋಹದಿಂದ ಬರೋವು. ನೀಲಿಗೆ ಕೋಬಾಲ್ಟ್, ಹಸರಿಗೆ ತಾಮ್ರ, ಇಟ್ಟಂಗಿ ಕೆಂಪಿಗೆ ಕಬ್ಬಿಣ, ಬಿಳುಪಿಗೆ ತವರ. ಆ ಹುಡುಗಿ ಗಲ್ಲದ ಮ್ಯಾಲಿನ ಗುಲಾಬಿ ಬಣ್ಣಕ್ಕ ಬಂಗಾರನ ಬೇಕು, ಆಮ್ಲದಾಗ ಕರಗಿಸಿದ ಬಂಗಾರ. ಎಣ್ಣಿಯೊಳಗ ಕಲಿಸಿ ನಾಕಾರು ಕೂದಲಿನ ಕುಂಚಲೆ ಬರೀಬೇಕು. ಭಟ್ಟಿಗೆ ಹೋಗೂಕಿಂತ ಮೊದಲಿನ ಬಣ್ಣ ಬ್ಯಾರೆ, ಬಂದಮ್ಯಾಲಿನ ಬಣ್ಣ ಬ್ಯಾರೆ, ಬರಿಯಾವರು ಅದನ್ನ ಮನಸಿನ್ಯಾಗ ಲೆಕ್ಕ ಹಾಕಬೇಕು. ಹೆಚ್ಚ ಕಾವು ಬೇಕಾದ ಬಣ್ಣ ಮೊದಲ, ಕಡಿಮಿ ಬೇಕಾದದ್ದು ಆಮ್ಯಾಲೆ, ಹಿಂಗ ಒಂದ ಫಲಕ ಹಲವಾರು ಸಲ ಭಟ್ಟಿ ಕಾಣತದ. ಒಂಬತ್ತನೇ ಸಲ ಸೀಳಿದ್ರ ಮೊದಲಿನ ಎಂಟ ಸಲದ ದುಡಿಮಿನೂ ಹೋತು. ಹೋಳಿಗಿ ಒಡದ್ರ ಇನ್ನೊಂದ ಲಟ್ಟಸಬಹುದು, ಇದಕ್ಕ ಹಂಗಿಲ್ಲ.

ಈ ವಿದ್ಯಾದ ತವರು ಎರಡು. ಒಂದು ಫ್ರಾನ್ಸಿನ ಲಿಮೋಜ್. ಅಲ್ಲೆ 15ನೇ ಶತಮಾನದ ಕೊನೀಕ ತಾಮ್ರದ ಮ್ಯಾಲೆ ಎನಾಮಲ್ಲಿನ ಚಿತ್ರ ಬರೀಲಿಕ್ಕೆ ಸುರು ಆತು, 16ನೇ ಶತಮಾನದಾಗ ಲೆಯೊನಾರ್ ಲಿಮೋಸಾಂ ಅನ್ನಾಂವ ರಾಜನ ಆಸ್ಥಾನದ ಕಲಾವಿದ ಆದ. ನಡುವ ಆ ಕಸಬು ಸೊರಗಿ, 19ನೇ ಶತಮಾನದಾಗ ಮತ್ತ ಚಿಗಿತು. ಹೊಳೆಯೋ ಬೆಳ್ಳಿ ಹಾಳಿ ಕೆಳಗ ಇಟ್ಟು ಮ್ಯಾಲೆ ಪಾರದರ್ಶಕ ಬಣ್ಣ ಕೊಡೋದು ಲಿಮೋಜಿನವರ ಕೈಚಳಕ.

ಇನ್ನೊಂದು ತವರು ಜಿನೀವಾ. 1630ರ ದಶಕದಾಗ ಫ್ರಾನ್ಸಿನ ಶಾತೋದುನ್ ಅನ್ನೋ ಊರಿನ ಅಕ್ಕಸಾಲಿ ಜಾನ್ ತೂತಾಂ, ಬಿಳೇ ಎನಾಮಲ್ಲಿನ ನೆಲದ ಮ್ಯಾಲೆ ಎಲ್ಲಾ ಬಣ್ಣದಾಗ ಸೂಕ್ಷ್ಮ ಚಿತ್ರ ಬರಿಯೋ ಹೊಸಾ ಹಾದಿ ಹುಡುಕಿದ. ಅದನ್ನ ತುದಿಗೆ ಒಯ್ದಾಂವ ಜಾನ್ ಪೆಟಿಟೋ, 1607ರಾಗ ಜಿನೀವಾದಾಗ ಹುಟ್ಟಿದಾಂವ. ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ರಾಜನ ಹತ್ರ ಕೆಲಸ ಮಾಡಿದ. ಅಲ್ಲೆ ಗದ್ದಲ ಎದ್ದಮ್ಯಾಲೆ ಫ್ರಾನ್ಸಿಗೆ ಹೋಗಿ ಹದಿನಾಲ್ಕನೇ ಲೂಯಿಯ ಚಿತ್ರ ಬರದ. ಇಂವ ಪ್ರಾಟೆಸ್ಟಂಟ್. 1685ರಾಗ ಲೂಯಿ ಪ್ರಾಟೆಸ್ಟಂಟರಿಗೆ ಇದ್ದ ರಕ್ಷಣಾ ತಗದಹಾಕಿದಾಗ, ಎಂಬತ್ತರ ಹತ್ರ ಬಂದ ಈ ಮುದುಕನ್ನ ಜೇಲಿಗೆ ಹಾಕಿದ್ರು. ರಾಜನ ಮುಖಾ ಬರದ ಕೈಗೆ ಬೇಡಿ. ಎರಡ ವರ್ಷಕ್ಕ ಹೆಂಗೋ ತನ್ನ ಜಿನೀವಾಕ್ಕ ತಿರಗಿ ಬಂದ, 1691ರಾಗ ತೀರಿಕೊಂಡ. ಹಿಂಗ ಊರು ಬಿಟ್ಟು ಬಂದ ಎಷ್ಟೋ ಪ್ರಾಟೆಸ್ಟಂಟ್ ಕಸಬದಾರರು ಜಿನೀವಾದಾಗ ಕೂಡಿದ್ರು, ಅಲ್ಲೆ ಗಡಿಯಾರ ಮತ್ತ ಎನಾಮಲ್ಲು ಅಕ್ಕತಂಗಿಯರಂಗ ಬೆಳದ್ವು. ಚಿತ್ರದ ಮ್ಯಾಲೆ ಕಡೀಕ ಒಂದ ಪಾರದರ್ಶಕ ಗಾಜಿನ ಪದರ ಕೊಡೋದು ಜಿನೀವಾದವರ ರೂಢಿ. ಅದಕ್ಕ ಆ ಚಿತ್ರ ನೀರಿನೊಳಗ ಮುಳುಗಿದಂಗ ಕಾಣಸ್ತಾವ, ಮಾಸೂದಿಲ್ಲ.

ಕ್ಯಾರಿಯೇಜ್ ಗಡಿಯಾರದ ಫಲಕದ ಮ್ಯಾಲೆ ಬಂದ ಚಿತ್ರಗಳು ಹೆಚ್ಚಾಗಿ ನೂರ ವರ್ಷ ಹಿಂದಿನ ನೆನಪು, ಕುರಿ ಕಾಯೋ ಹುಡುಗ, ಹೂವಿನ ಹುಡುಗಿ, ರೆಕ್ಕಿ ಕೂಸುಗಳು, ತೋಟದಾಗ ಕೂತ ಜೋಡಿ. ವಾಟೋ, ಬೂಶೇ ಅನ್ನೋ 18ನೇ ಶತಮಾನದ ಚಿತ್ರಕಾರರ ಧಾಟಿ. ಹೊರಗ ಕಾರಖಾನಿ ಹೊಗಿ ಉಗಳತಿದ್ರ ಗಡಿಯಾರದ ಮ್ಯಾಲೆ ಕುರಿ ಮೇಯತಿದ್ವು! ಬರದವರ ಹೆಸರು ಬಹುತೇಕ ಇರೂದಿಲ್ಲ. ಜಿನೀವಾದಾಗ ಎನಾಮಲ್ ಬರಿಯಾವರೊಳಗ ಹೆಂಗಸರೂ ಇದ್ರು. ಅಂಗಡಿಯಾಂವನ ಹೆಸರು ಮುಖದ ಮ್ಯಾಲೆ, ಬರದಾಕಿ ಹೆಸರು ಎಲ್ಲೂ ಇಲ್ಲ.

ಎಲ್ಲಾ ಫಲಕಾನೂ ಎನಾಮಲ್ ಅಲ್ಲ ಅನ್ನೋದೂ ಗೊತ್ತಿರಲಿ. ಭಾಳ ಗಡಿಯಾರಕ್ಕ ಪಿಂಗಾಣಿ ಫಲಕ ಹಚ್ಚಿದ್ರು. ಪಿಂಗಾಣಿ ಅಂದ್ರ ಸುಟ್ಟ ಮಣ್ಣು, ಎನಾಮಲ್ ಅಂದ್ರ ತಾಮ್ರದ ಮ್ಯಾಲಿನ ಗಾಜು. ಮೂಲಿ ಚಕ್ಕಳಾ ಎದ್ದಿದ್ರ ಗೊತ್ತಾಗ್ತದ, ಒಳಗ ಬಿಳುಪು ಕಂಡ್ರ ಪಿಂಗಾಣಿ, ಕರೇದೋ ಕೆಂಪಂದೋ ಲೋಹ ಕಂಡ್ರ ಎನಾಮಲ್.

ಅಜ್ಜಿ ಗಡಿಯಾರದಾಗ ಅದು ನನಗ ಕಂಡಿತು. ಕೊಳಲಿನ ಹುಡುಗನ ಕಾಲ ಹತ್ರ ಮೂಲ್ಯಾಗ ಅಕ್ಕಿಕಾಳಿನಷ್ಟ ಚಕ್ಕಳಾ ಎದ್ದಿತ್ತು, ಒಳಗ ತಾಮ್ರ. ಅದು ಹೆಂಗಾತು ಅಂತ ಕೇಳಿದೆ.

ಆ ಗಡಿಯಾರ ಅವರ ಅಜ್ಜಿಗೆ ಮದುವ್ಯಾಗ ಬಂದದ್ದು. ಅಲ್ಲಿಂದ ಅವರವ್ವಗ, ಅವ್ವನಿಂದ ಇವರಿಗೆ. ಹೆಸರಿಗೆ ಪ್ರವಾಸದ ಗಡಿಯಾರ, ಆದ್ರ ಮೂರೂ ಮಂದಿ ಅದನ್ನ ಎಲ್ಲೂ ಒಯ್ಯಲಿಲ್ಲ. ಒಂದ ಸಲ ಮಾತ್ರ ಒಯ್ದರಂತ. ಎರಡನೇ ಮಹಾಯುದ್ಧ ನಡದಿತ್ತು, ಇವರು ನಾಕ ವರ್ಷದ ಕೂಸು. ರಾತ್ರಿ ಸೈರನ್ ಕೂಗಿತು. ಅವರವ್ವ ಒಂದ ಬಗಲಾಗ ಇವರನ್ನ ಎತ್ತಿಕೊಂಡು, ಇನ್ನೊಂದ ಕೈಲೆ ಆ ಗಡಿಯಾರದ ಹಿಡಿಕಿ ಹಿಡಕೊಂಡು ಹಿತ್ತಲದಾಗಿನ ಆಶ್ರಯದ ಕುಣಿಗೆ ಓಡಿದ್ರು. ಕತ್ತಲಿನ್ಯಾಗ ಬಾಗಲಾ ಬಡದು ಆ ಮೂಲಿ ಚಕ್ಕಳಾ ಎದ್ದಿತು. "ರೊಕ್ಕಾ ಒಯ್ಯಲಿಲ್ಲ, ಕಾಗದಪತ್ರ ಒಯ್ಯಲಿಲ್ಲ, ಇದನ್ನ ಯಾಕ ಒಯ್ದಳು ಅಂತ ನಮ್ಮವ್ವಗೂ ಗೊತ್ತಿರಲಿಲ್ಲ" ಅಂದ್ರು ಅಜ್ಜಿ.

ನಾ ಸುಮ್ಮ ಕೂತೆ. ಮುಂದಿನ ತಿಂಗಳ ಅಜ್ಜಿ ವೃದ್ಧಾಶ್ರಮಕ್ಕ ಹೋಗಾವರಿದ್ರು. ಒಂದ ಖೋಲಿ, ಕಡಿಮಿ ಸಾಮಾನು. ಮಗಾ ಗಡಿಯಾರ ಮಾರಿಬಿಡೋಣ ಅಂದಿದ್ದ. ನೋಡಲಿಕ್ಕೆ ಬಂದಾಂವ ಆ ಚಕ್ಕಳಾ ತೋರಿಸಿ ಕಿಮ್ಮತ್ತು ಇಳಸಿ ಹೋಗಿದ್ದ. ಅಜ್ಜಿ ಬೆರಳು ಸಂಧಿವಾತದಲೆ ಸೊಟ್ಟಾಗಿದ್ವು, ಚಾವಿ ತಿರುವಲಿಕ್ಕೆ ಆಗತಿರಲಿಲ್ಲ. "ನಡೀದ ಗಡಿಯಾರ ಇಟ್ಟಕೊಂಡ ಏನ ಮಾಡಲಿ" ಅಂದ್ರು. ನಾ ಇದ್ದಷ್ಟ ದಿವಸ ವಾರಕ್ಕೊಮ್ಮೆ ನಾನ ಹೋಗಿ ಚಾವಿ ಕೊಡತಿದ್ದೆ. ಎರಡ ತುದಿ ಇದ್ದ ಸಣ್ಣ ಚಾವಿ, ದಪ್ಪ ತುದಿ ಸ್ಪ್ರಿಂಗಿಗೆ, ಸಣ್ಣ ತುದಿ ಮುಳ್ಳು ತಿರುವಲಿಕ್ಕೆ.

ಈಗ ನನ್ನ ತಪ್ಪು ಹೇಳ್ತೀನಿ. ನಮ್ಮ ಅಪ್ಪಂದು ಒಂದ ಗೋಡಿ ಗಡಿಯಾರ ಇತ್ತು. ಪ್ರತಿ ರವಿವಾರ ಎಣ್ಣಿ ಸ್ನಾನ ಆದಮ್ಯಾಲೆ ಸ್ಟೂಲ್ ಹತ್ತಿ ಅವರ ಚಾವಿ ಕೊಡತಿದ್ರು, ನಮಗ ಮುಟ್ಟಗೊಡತಿರಲಿಲ್ಲ. ಅವರು ಹೋದಮ್ಯಾಲೆ ಮನಿ ಖಾಲಿ ಮಾಡುವಾಗ ನಾನೂ ನನ್ನ ತಮ್ಮನೂ ಕೂಡಿ ಅದನ್ನ ಹಳೇ ಸಾಮಾನು ತಗೊಳ್ಳಾಂವಗ ಮುನ್ನೂರ ರೂಪಾಯಿಗೆ ಕೊಟ್ಟಬಿಟ್ವಿ. ನಿಂತಿತ್ತು, ಯಾರಿಗೆ ಬೇಕಂತ. ಅದು ಯಾವ ದೇಶದ್ದು, ಅಪ್ಪ ಎಲ್ಲೆ ತಗೊಂಡಿದ್ರು, ಯಾವಾಗ ತಗೊಂಡಿದ್ರು, ಒಂದೂ ಕೇಳಿರಲಿಲ್ಲ. ಮುಖದ ಮ್ಯಾಲೆ ಇಂಗ್ಲಿಷಿನ್ಯಾಗ ಒಂದ ಹೆಸರಿತ್ತು. ದಿನಾ ನೋಡಿದ ಹೆಸರು. ಈಗ ಎಷ್ಟ ನೆನಸಿಕೊಂಡ್ರೂ ಬರವಲ್ದು. ಎರಡ ನೂರ ವರ್ಷದ ಹಿಂದಿನ ನೆಪೋಲಿಯನ್ನನ ಗಡಿಯಾರದ ನಂಬರು ನನಗ ಗೊತ್ತದ, ಅಪ್ಪನ ಗಡಿಯಾರದ ಹೆಸರು ಗೊತ್ತಿಲ್ಲ.

ಇದನ್ನ ನಾ ನನ್ನ ಹರಕ ಮುರಕ ಇಂಗ್ಲಿಷಿನ್ಯಾಗ ಅಜ್ಜಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮರುದಿನ ಒಂದ ಕಾಗದದ ಮ್ಯಾಲೆ, ನಡುಗೋ ಅಕ್ಷರದಾಗ, ಗಡಿಯಾರ ಯಾರಿಗೆ ಯಾವಾಗ ಬಂತು, ಚಕ್ಕಳಾ ಹೆಂಗ ಎದ್ದಿತು ಎಲ್ಲಾ ಬರದು ಚರ್ಮದ ಪೆಟಗಿಯೊಳಗ ಇಟ್ಟರು. ಮಾರೋದು ಬ್ಯಾಡ ಅಂತ ಮಗಗ ಹೇಳಿದ್ರು.

ನಾ ಧಾರವಾಡಕ್ಕ ಬಂದು ಈಗ ವರ್ಷ ಆತು. ಅಜ್ಜಿ ವೃದ್ಧಾಶ್ರಮದಾಗ ಇದ್ದಾರ, ಗಡಿಯಾರ ಅವರ ಕಿಡಕಿ ಕಟ್ಟಿಮ್ಯಾಲೆ ಅದ. ರವಿವಾರಕ್ಕೊಮ್ಮೆ ನನ್ನ ಮಗಳು ಕೂಸಿನ್ನ ಕರಕೊಂಡು ಹೋಗಿ ಚಾವಿ ಕೊಟ್ಟ ಬರತಾಳ. ಕೂಸು ಈಗ ನಿಂದರತದ, ಆ ಕೊಳಲಿನ ಹುಡುಗನ್ನ ತೋರಿಸಿ ಏನೋ ಅಂತದಂತ.

ನಿಮ್ಮ ಮನ್ಯಾಗೂ ಹಳೇದೇನರೆ ಇದ್ರ ನಾಲ್ಕ ಮಾತು ನೆನಪಿಡ್ರಿ. ಹಿತ್ತಾಳಿ ಹಂಗ ಕಂಡದ್ದೆಲ್ಲಾ ಹಿತ್ತಾಳಿ ಅಲ್ಲ, ಹುಣಸಿಹಣ್ಣು, ಲಿಂಬಿಹಣ್ಣು, ಬೂದಿ ಹಚ್ಚಬ್ಯಾಡ್ರಿ, ಒಣಾ ಮೆತ್ತನ ಅರಬಿಲೆ ಧೂಳು ಒರಸ್ರಿ ಸಾಕು. ಗಡಿಯಾರದ ಮುಳ್ಳು ಹಿಂದಕ್ಕ ತಿರುವಬ್ಯಾಡ್ರಿ. ಹಿಡಿಕಿ ಹಿಡದಷ್ಟ ಎತ್ತಬ್ಯಾಡ್ರಿ, ಹಳೇದಾಗಿರತದ, ಕೆಳಗೊಂದ ಕೈ ಇಡ್ರಿ. ಮತ್ತ ಮನ್ಯಾಗ ಹಿರಿಯರಿದ್ರ ಇವತ್ತ ಕೇಳಿ, ಒಂದ ಚೀಟಿ ಬರದು ಅದರ ಜೋಡಿ ಇಡ್ರಿ.